ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ: ಫೋಟೋ ಮಬ್ಬಾದ್ರೆ ಮೊದಲು ಇದನ್ನು ನೋಡಿ

ಹಳೇಬೀಡಿನ ಗುಡಿಯೊಳಗಿನ ಕತ್ತಲಲ್ಲಿ ಫ್ಲ್ಯಾಶ್ ಇಲ್ಲದೆ ಕಂಬಗಳ ಫೋಟೋ ತೆಗೆಯೋಕೆ ಅಂತಲೇ ಈ ಲೆನ್ಸ್ ಕೊಂಡೆ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಕೈಚೆಲ್ಲುವ ಜಾಗದಲ್ಲೂ ಇದು ಕೆಲಸ ಮಾಡುತ್ತದೆ. ತೂಕ ಸುಮಾರು 160 ಗ್ರಾಂ, ಕುತ್ತಿಗೆಗೆ ಭಾರವೇ ಅಲ್ಲ.

ಆದರೆ ಮಬ್ಬು ಫೋಟೋಗಳ ದೂರು ಈ ಲೆನ್ಸಿಗೆ ಜಾಸ್ತಿ ಅಂಟಿಕೊಳ್ಳುತ್ತದೆ. ನನ್ನ ಕ್ಯಾನನ್ 1500ಡಿ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ, ಅಂದ್ರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದು, ತೆಗೆದರೆ ಚೊಕ್ಕಟವಾಗಿ ಕಾಣೋದು ಹೆಚ್ಚು ಕಡಿಮೆ ಮೂರು ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಸರಿ, ಕಿವಿ ಮಸುಕು. ಅದು ದೋಷ ಅಲ್ಲ, ಲೆಕ್ಕ! ಕಿಂಡಿಯನ್ನು ಎಫ್ 2.8ಕ್ಕೋ 4ಕ್ಕೋ ಕಿರಿದು ಮಾಡಿ, ಒಂದೇ ಫೋಕಸ್ ಪಾಯಿಂಟ್ ಇಟ್ಟುಕೊಳ್ಳಿ. ಕ್ಯಾಮೆರಾಗೇ ಆಯ್ಕೆ ಬಿಟ್ಟರೆ ಅದು ಹತ್ತಿರದ್ದನ್ನೇ ಹಿಡಿಯೋದು ಜಾಸ್ತಿ. 35 ಸೆಂಟಿಮೀಟರ್‌ಗಿಂತ ಹತ್ತಿರ ಹೋದರೆ ಫೋಕಸ್ ಆಗೋದೇ ಇಲ್ಲ.

ಇದರಲ್ಲಿ ಕೈನಡುಕ ಸರಿದೂಗಿಸುವ ಸ್ಟೆಬಿಲೈಸರ್ ಇಲ್ಲ. ಹಾಗಾಗಿ ಕೈಯಲ್ಲಿ ಹಿಡಿದಾಗ ಶಟರ್ ವೇಗ 1/125 ಸೆಕೆಂಡ್‌ಗಿಂತ ನಿಧಾನ ಬೇಡ, ಬೇಕಾದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿ. ಸ್ವಲ್ಪ ಕಾಳು ಕಾಳಾದರೂ ನಡೆಯುತ್ತೆ, ಅಲ್ವಾ?

ಇಷ್ಟಾದರೂ ಮಬ್ಬೇ? ಟ್ರೈಪಾಡ್ ಮೇಲೆ ಇಟ್ಟು ಒಂದೇ ವಸ್ತುವನ್ನು ವ್ಯೂಫೈಂಡರ್‌ನಲ್ಲೂ ಲೈವ್ ವ್ಯೂನಲ್ಲೂ (ಹಿಂದಿನ ಪರದೆ ನೋಡಿಕೊಂಡು) ತೆಗೆಯಿರಿ. ಲೈವ್ ವ್ಯೂದು ಮಾತ್ರ ಚೊಕ್ಕಟವಾಗಿ ಬಂದರೆ ವ್ಯೂಫೈಂಡರ್‌ನಲ್ಲಿ ತೆಗೆಯುವಾಗ ಫೋಕಸ್ ವಸ್ತುವಿನ ಹಿಂದೆ ಇಲ್ಲವೇ ಮುಂದೆ ಬೀಳುತ್ತಿದೆ ಅಂತ ಅರ್ಥ. ಆಗ ಲೆನ್ಸ್, ಕ್ಯಾಮೆರಾ ಎರಡನ್ನೂ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ.