ಮನೆ ನಕ್ಷೆಗೆ ಸ್ವೀಟ್ ಹೋಮ್ ತ್ರೀಡಿಯೋ, ಸ್ಕೆಚ್‌ಅಪ್ಪೋ?

ಕೋಣೆಗಳ ಜೋಡಣೆಯಷ್ಟೇ ನಿಮ್ಮ ಚಿಂತೆಯಾಗಿದ್ದರೆ ಸ್ವೀಟ್ ಹೋಮ್ ತ್ರೀಡಿ ಸಾಕು. ಇದು ಕಂಪ್ಯೂಟರ್‌ನಲ್ಲಿ ಮನೆ ನಕ್ಷೆ ಬಿಡಿಸುವ ಉಚಿತ ತಂತ್ರಾಂಶ; ಗೋಡೆ ಎಳೆದ ಕೂಡಲೇ ಮೂರು ಆಯಾಮದ ನೋಟ ಎದ್ದು ನಿಲ್ಲುತ್ತದೆ. ಕಾಗದದ ನಕ್ಷೆಯಿದ್ದರೆ ಸ್ಕ್ಯಾನ್ ಮಾಡಿ ಹಿನ್ನೆಲೆಗೆ ಹಾಕಿ, ಅಳತೆ ಖಚಿತವಾಗಿ ಗೊತ್ತಿರುವ ಗೋಡೆಯೊಂದನ್ನು ಗುರುತಿಸಿ ಉದ್ದ ನಮೂದಿಸಿ. ಆದಷ್ಟು ಉದ್ದನೆಯ ಗೋಡೆಯನ್ನೇ ಆರಿಸಿ. ಇಡೀ ನಕ್ಷೆಯ ಅಳತೆ ಅದರಿಂದಲೇ ನಿರ್ಧಾರವಾಗುವುದರಿಂದ, ಗಿಡ್ಡ ಗೋಡೆಯಲ್ಲಾದ ಕೂದಲೆಳೆಯ ತಪ್ಪು ಇಡೀ ಮನೆಗೆ ಹರಡುತ್ತದೆ. ಗೋಡೆಯ ದಪ್ಪ ಮೊದಲೇ 7.5 ಸೆಂ.ಮೀ. ಎಂದಿರುತ್ತದೆ, ಬದಲಿಸಲು ಮರೆಯಬೇಡಿ. ಇದರ ದೊಡ್ಡ ಕೊರತೆ ಇಳಿಜಾರು ಚಾವಣಿ. ಗೋಡೆಯ ಎರಡು ತುದಿಗಳಿಗೆ ಬೇರೆ ಬೇರೆ ಎತ್ತರ ಕೊಟ್ಟು, ಚಾವಣಿಯ ಮಾದರಿಯನ್ನು ಹೊರಗಿನಿಂದ ತಂದು ಮೇಲೆ ಕೂರಿಸಬೇಕು.

ಚಾವಣಿ, ತಿರುವು ಮೆಟ್ಟಿಲುಗಳೇ ಮುಖ್ಯವೆನ್ನುವವರಿಗೆ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶವಾದ ಸ್ಕೆಚ್‌ಅಪ್. ಪ್ರತಿ ಗೋಡೆಯನ್ನೂ ಎಳೆದ ಕೂಡಲೇ ಗ್ರೂಪ್ ಮಾಡಿ, ಅಂದರೆ ಅದರ ಗೆರೆ, ಮುಖಗಳನ್ನೆಲ್ಲ ಒಂದೇ ಘಟಕವಾಗಿ ಕಟ್ಟಿ. ಇಲ್ಲದಿದ್ದರೆ ಅದು ಪಕ್ಕದ ಆಕೃತಿಗೆ ಅಂಟಿಕೊಂಡು, ಒಂದನ್ನು ಸರಿಸಿದರೆ ಇನ್ನೊಂದೂ ಸೊಟ್ಟಗಾಗುತ್ತದೆ. ಆದರೆ ಅಳತೆ ಸಹಿತ ಹಾಳೆ ಸಿದ್ಧಪಡಿಸುವ ಲೇಔಟ್ ಎಂಬ ಜೊತೆ ತಂತ್ರಾಂಶ ಉಚಿತ ಆವೃತ್ತಿಯಲ್ಲಿಲ್ಲ.

ಕಟ್ಟುವವರ ಕೈಗೆ ಕೊಡುವ ಹಾಳೆಯೇ ಬೇಕಿದ್ದರೆ ನಾನು ಎರಡನ್ನೂ ಬಿಟ್ಟು ಎರಡು ಆಯಾಮದ ನಕ್ಷೆ ಬಿಡಿಸುವ ತಂತ್ರಾಂಶ ಲಿಬ್ರೆಕ್ಯಾಡ್ ಹಿಡಿಯುತ್ತೇನೆ. ಅಲ್ಲಿ ನೈಜ ಅಳತೆಯಲ್ಲೇ ಎಳೆಯಿರಿ. 1:50 ಅಥವಾ 1:100 ಎಂಬ ಪ್ರಮಾಣವನ್ನು (ಸ್ಕೇಲ್) ಮುದ್ರಿಸುವಾಗ ಆರಿಸಿದರಾಯಿತು.