ಲಾರಿಗೆ ಫ್ರಿಜ್ ಅಂತ ಕೊಟ್ಟದ್ದು ಫ್ರಿಜ್ಜೇ ಅಲ್ಲ! ಡ್ರೈವರ್ ಅಣ್ಣಂದಿರೇ, ನೋಡಿ ತಗೊಳ್ಳಿ

ಕ್ಯಾಬಿನ್ನಿಗೆ ಸಣ್ಣ ಫ್ರಿಜ್ ಹಾಕಿಸಬೇಕು ಅಂತ ಯಾರಾದರೂ ಅಂದುಕೊಂಡಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಕಲಬುರಗಿಯ ಒಂದು ಅಂಗಡಿಯಲ್ಲಿ ನನಗೆ 8,500 ರೂಪಾಯಿಗೆ ಟೋಪಿ ಹಾಕಿದರು. ಹತ್ತೊಂಬತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಡೀಸೆಲ್‌ನಲ್ಲಿ ಮೋಸ, ಕಾಟಾದಲ್ಲಿ ಮೋಸ, ಟಯರ್‌ನಲ್ಲಿ ಮೋಸ, ಎಲ್ಲ ನೋಡಿದ್ದೇನೆ. ಒಂದು ಡಬ್ಬಿ ಮುಂದೆ ಸೋತೆ. ಬರೆಯೋಕೆ ನಾಚಿಕೆ ಆಗುತ್ತೆ. ಆದರೆ ಇಲ್ಲಿನ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಇನ್ನೂ ಇಬ್ಬರು ಡ್ರೈವರ್‌ಗಳು ಅದೇ ಅಂಗಡಿಯಿಂದ ಅದೇ ಡಬ್ಬಿ ತಗೊಂಡಿದ್ದಾರೆ ಅಂತ ಮೊನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಫ್ರಿಜ್ ಬೇಕಾಗಿದ್ದು ತಣ್ಣನೆ ಶರಬತ್ತು ಕುಡಿಯೋಕಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತೀನಿ. ತೆರೆಯದ ಬಾಟಲಿಗಳು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕಪನೂರದ ದಾಲ್ ಮಿಲ್ಲಿನಿಂದ ತೊಗರಿ ಬೇಳೆ ತುಂಬಿಕೊಂಡು ಯಾದಗಿರಿ, ರಾಯಚೂರು, ಕರ್ನೂಲು, ಕಡಪಾ ಮೇಲೆ ಚೆನ್ನೈಗೆ ಹೋದರೆ, ಅನ್‌ಲೋಡ್ ಆಗಿ ವಾಪಸ್ ಲೋಡ್ ಸಿಕ್ಕು ಮನೆ ಮುಟ್ಟುವಾಗ ಎಂಟು ಹತ್ತು ದಿನ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಎಷ್ಟು ಅಂತ ನಿಮಗೆ ಹೇಳಬೇಕಾ? 42, 43 ಅಂದರೆ ಮಾಮೂಲಿ. ಕ್ಯಾಬಿನ್ ಒಳಗೆ ಅದಕ್ಕಿಂತ ಜಾಸ್ತಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ, ಒಳ್ಳೆಯದೇ. ನನ್ನ ಗಾಡಿ ಹಳೆಯದು. ಅದಕ್ಕೆ ಫ್ಯಾನೇ ಗತಿ.

ಅಂಗಡಿಗೆ ಹೋದೆ. ಹೋಗಿ ಮೊದಲು ಹೇಳಿದ್ದೇ ಇದು: "ಇನ್ಸುಲಿನ್ ಇಡಬೇಕು, ಮನೆಯ ಫ್ರಿಜ್ ಹಾಗೆ ಕೆಲಸ ಮಾಡಬೇಕು, 24 ವೋಲ್ಟ್ ಗಾಡಿ." ಮೂರೂ ಮಾತು ಬಿಡಿಸಿ ಹೇಳಿದ್ದೆ. ಅಂಗಡಿಯವನು ಏನಂದ ಗೊತ್ತಾ? "ಅಣ್ಣಾರ, ಇದು ಲಾರಿ ಸಲುವಾಗೇ ಬಂದದ್ದು ಅದ. ಮನಿ ಫ್ರಿಜ್ ಹ್ಯಾಂಗೋ ಇದೂ ಹಂಗೇ. ಒಳಗ ಕಂಪ್ರೆಸರ್ ಅದ. ಕೈ ಹಾಕಿ ನೋಡ್ರಿ."

ಕೈ ಹಾಕಿ ನೋಡಿದೆ. ತಣ್ಣಗೆ ಇತ್ತು. ಮೇಲಿನ ಡಿಸ್‌ಪ್ಲೇಯಲ್ಲಿ 6 ಅಂತ ಇತ್ತು. ನಾನು ನಿಂತಿದ್ದ ಜಾಗದಲ್ಲಿ ಎಸಿ ಓಡುತ್ತಿತ್ತು ಅನ್ನೋದು ನನ್ನ ತಲೆಗೆ ಬರಲೇ ಇಲ್ಲ. ಮೋಸ ಇದ್ದದ್ದೇ ಅಲ್ಲಿ. ಎಸಿ ಅಂಗಡಿಯಲ್ಲಿ 24 ಡಿಗ್ರಿ ಇದ್ದರೆ ಆ ಡಬ್ಬಿ 6ಕ್ಕೆ ಇಳಿಯುತ್ತೆ. ನನ್ನ ಕ್ಯಾಬಿನ್ನಿನಲ್ಲಿ?

ಇನ್ನೊಂದು ಮಾತು. ಆ ಡಬ್ಬಿಗೆ ಒಂದು ಸ್ವಿಚ್ ಇತ್ತು, ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ. "ಊಟನೂ ಬಿಸಿ ಮಾಡ್ಕೋಬಹುದ್ರಿ ಅಣ್ಣಾರ, ಒಂದರಾಗ ಎರಡು ಕೆಲಸ" ಅಂದ. ನಾನು ಖುಷಿಯಿಂದ ಮನೆಗೆ ಫೋನ್ ಮಾಡಿ ಹೇಳಿದೆ. ಆ ಸ್ವಿಚ್ಚೇ ಇದು ಫ್ರಿಜ್ ಅಲ್ಲ ಅನ್ನೋದಕ್ಕೆ ಸಾಕ್ಷಿ ಅಂತ ಆಗ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದ.

ವೈರಿಂಗಿಗೆ ಅವರ ಹುಡುಗನೇ ಬಂದ. ನಮ್ಮ ಗಾಡಿಗಳಲ್ಲಿ 12ರ ಎರಡು ಬ್ಯಾಟರಿ ಸೇರಿಸಿ 24 ಮಾಡಿರುತ್ತಾರೆ, ಅಲ್ವಾ. ಡಬ್ಬಿ ಬರೀ 12 ವೋಲ್ಟಿನದು. ಆ ಹುಡುಗ ಸೀದಾ ಒಂದೇ ಬ್ಯಾಟರಿಯಿಂದ ವೈರ್ ಎಳೆದ. "ಇದು ಸರೀನಾ?" ಅಂತ ಕೇಳಿದೆ. "ಎಲ್ಲಾರ ಟೇಪೂ ಹಿಂಗೇ ಓಡ್ತದ್ರಿ ಕಾಕಾ" ಅಂದ. ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ನನಗೆ ಒಂದು ಬ್ಯಾಟರಿ ಹೋಯಿತು.

ಮೊದಲ ದಿನ ರಾತ್ರಿ ಪರವಾಗಿಲ್ಲ ಅನ್ನಿಸಿತು. ಮರುದಿನ ಮಧ್ಯಾಹ್ನ ಕಡಪಾ ದಾಟಿ ಊಟಕ್ಕೆ ನಿಲ್ಲಿಸಿದೆವು. ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕ್ಲೀನರ್ ಹುಡುಗ ಮೊಸರಿನ ಡಬ್ಬಿ ತೆಗೆದ. ಹುಳಿ ಬಂದು ಮುಚ್ಚಳ ಎದ್ದಿತ್ತು. ಎದೆ ಧಸಕ್ ಅಂತು. ಇನ್ಸುಲಿನ್ ಬಾಟಲಿ ಮುಟ್ಟಿ ನೋಡಿದೆ, ಉಗುರು ಬೆಚ್ಚಗೆ! ಡಿಸ್‌ಪ್ಲೇಯಲ್ಲಿ ಇನ್ನೂ 6 ಅಂತಲೇ ಇದೆ. ಅದು ನಾವು ಸೆಟ್ ಮಾಡಿದ ನಂಬರ್ ಅಷ್ಟೇ, ಒಳಗಿನ ತಂಪು ತೋರಿಸುವುದಲ್ಲ. ಹತ್ತಿರದ ಊರಿನ ಮೆಡಿಕಲ್‌ನಲ್ಲಿ ಒಂದು ಥರ್ಮಾಮೀಟರ್ (ಜ್ವರ ನೋಡುವುದಲ್ಲ, ಫ್ರಿಜ್ ಒಳಗೆ ಇಡುವಂಥದ್ದು) ತಗೊಂಡು ಒಳಗೆ ಇಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ 29. ಇಪ್ಪತ್ತೊಂಬತ್ತು! ಕ್ಯಾಬಿನ್ ಒಳಗೆ 48 ಇತ್ತು.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ಓದಿ.

"ಹೊರಗ ಇಷ್ಟು ಬಿಸಲದ, ಅದಾದ್ರೂ ಏನ್ ಮಾಡ್ತದ್ರಿ?" ಅಂದ ಮೊದಲು. ಬಿಸಿಲಿಗೇ ಅಲ್ವಾ ಸ್ವಾಮಿ ಫ್ರಿಜ್ ತಗೊಂಡದ್ದು? ಆಮೇಲೆ "ನೀವು ಮುಚ್ಚಳ ಭಾಳ ಸಲ ತಗಿತೀರಿ" ಅಂದ. ಆಮೇಲೆ "ಧೂಳು ಕುಂತಿರ್ತದ, ಫ್ಯಾನ್ ಒರಸ್ರಿ." ಎರಡು ದಿನದ ಡಬ್ಬಿಗೆ ಯಾವ ಧೂಳು? ಕೊನೆಗೆ "ಕಂಪನಿಗೆ ಫೋನ್ ಹಚ್ಚರಿ" ಅಂದು ಕಟ್ ಮಾಡಿದ. ಕಂಪನಿ ನಂಬರ್ ಡಬ್ಬಿ ಮೇಲೆ ಎಲ್ಲೂ ಇಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಚೆನ್ನೈ ಮಾಧವರಂನಲ್ಲಿ ಅನ್‌ಲೋಡಿಂಗ್ ಸರತಿಯಲ್ಲಿ ಒಂದು ಹಗಲು ಒಂದು ರಾತ್ರಿ ನಿಂತೆವು. ಇಂಜಿನ್ ಬಂದ್, ಡಬ್ಬಿ ಚಾಲೂ. ಇಷ್ಟಾದರೂ ತಂಪಾಗಲಿ ಅಂತ ನಾನೇ ಬಿಟ್ಟಿದ್ದೆ. ಬೆಳಿಗ್ಗೆ ನಮ್ಮ ಪಾಳಿ ಬಂತು, ಸೆಲ್ಫ್ ಹೊಡೆಯಲಿಲ್ಲ. ಹಿಂದೆ ಗಾಡಿಗಳು ಹಾರ್ನ್ ಹೊಡೀತಿವೆ. ಪಕ್ಕದ ಲಾರಿಯ ತಮಿಳು ಅಣ್ಣ ಪಾಪ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದ. ಆ ಡಬ್ಬಿ ಐದು ಆಂಪಿಯರ್ ಬಿಡದೆ ಎಳೆಯುತ್ತೆ. 24 ಗಂಟೆಗೆ 120 ಆಂಪಿಯರ್-ಅವರ್. ಅದೂ ಒಂದೇ ಬ್ಯಾಟರಿಯಿಂದ. ಒಂದು ಪೂರ್ತಿ ಖಾಲಿ, ಇನ್ನೊಂದು ಫುಲ್. ಎರಡೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ಇರೋದರಿಂದ ಚಾರ್ಜ್ ಆಗುವಾಗ ಖಾಲಿಯದು ತುಂಬೋದೇ ಇಲ್ಲ, ತುಂಬಿದ್ದು ಕುದಿಯುತ್ತೆ. ಊರಿಗೆ ಬಂದು ಬ್ಯಾಟರಿಯವನ ಹತ್ತಿರ ತೋರಿಸಿದಾಗ ಅವನು ಹೇಳಿದ್ದು ಇದು. ಬ್ಯಾಟರಿ ಸತ್ತಿದೆ ಅಂದ.

ಸಕ್ಕರೆ ಚೆಕ್ ಮಾಡಿಸಿದರೆ 380. ಇನ್ಸುಲಿನ್ ಬಿಸಿಗೆ ಕೆಟ್ಟರೂ ಎಷ್ಟೋ ಸಲ ನೀರಿನ ಹಾಗೆ ತಿಳಿಯಾಗೇ ಕಾಣುತ್ತೆ, ನೋಡಿದರೆ ಗೊತ್ತಾಗಲ್ಲ. ಡಾಕ್ಟರ್ ಆ ಬಾಟಲಿಗಳನ್ನು ಎಸೆಯಿಸಿದರು. ನಮ್ಮ ಮನೆಯವಳು ಒಂದೇ ಮಾತು ಕೇಳಿದಳು: "ಯಾರರೆ ತಿಳಿದವರನ್ನ ಕೇಳಬೇಕಿತ್ತಿಲ್ರಿ?" ಉತ್ತರ ಇರಲಿಲ್ಲ.

ನಮ್ಮ ಓಣಿಯ ಫ್ರಿಜ್ ಮೆಕ್ಯಾನಿಕ್ ಡಬ್ಬಿ ಬಿಚ್ಚಿ ತೋರಿಸಿದ. ಕಂಪ್ರೆಸರ್ ಇಲ್ಲ. ಗ್ಯಾಸ್ ಇಲ್ಲ. ಬಿಸ್ಕತ್ತಿನಷ್ಟು ಒಂದು ಬಿಲ್ಲೆ, ಎರಡು ಫ್ಯಾನ್. ಅದಕ್ಕೆ ಪೆಲ್ಟಿಯರ್ ಅಂತಾರೆ. ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುತ್ತೆ, ಇನ್ನೊಂದು ಮುಖ ಬಿಸಿ ಆಗುತ್ತೆ. ಕರೆಂಟ್ ಉಲ್ಟಾ ಕೊಟ್ಟರೆ ತಣ್ಣಗಿದ್ದದ್ದು ಬಿಸಿ. ಆ ಸ್ವಿಚ್ ಇರೋದು ಅದಕ್ಕೇ. ಹೊರಗೆ ಎಷ್ಟಿದೆಯೋ ಅದಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ, ಅದರ ತಾಕತ್ತು ಅಷ್ಟೇ. ಊಟಿಯಲ್ಲಿ ಪರವಾಗಿಲ್ಲ, ಕಲಬುರಗಿಯಲ್ಲಿ ಸುಮ್ನೆ ಡಬ್ಬಿ.

ಡಬ್ಬಿ ಹೊತ್ತುಕೊಂಡು ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿ ಇದ್ದರು. "ಕಂಪ್ರೆಸರ್ ಅದ ಅಂದಿದ್ದಿ, ಎಲ್ಲಿ ತೋರಿಸು" ಅಂದೆ. ಅವನು ನಗುತ್ತಾ, "ಅಣ್ಣಾರ, ನಿಮ್ಮ ಚೀಟಿ ಓದ್ರಿ, ಏನ್ ಬರ್ದದ?" ಅಂದ. ಜೇಬಿನಿಂದ ತೆಗೆದು ಓದಿದೆ. "ಕೂಲರ್ ಬಾಕ್ಸ್ 1" ಅಂತ ಇತ್ತು. ಫ್ರಿಜ್ ಅಂತ ಎಲ್ಲೂ ಇಲ್ಲ. ಮೇಲೆ "ಎಸ್ಟಿಮೇಟ್" ಅಂತ ಬೇರೆ. ಅದು ಬಿಲ್ಲೇ ಅಲ್ಲ, ಕಚ್ಚಾ ಚೀಟಿ. "ನಾ ಫ್ರಿಜ್ ಅಂತ ಎಲ್ಲಿ ಬರ್ದು ಕೊಟ್ಟೀನಿ? ಮಾರಿದ ಮಾಲು ವಾಪಸ್ ತಗೊಳಂಗಿಲ್ಲ" ಅಂತ ಗೋಡೆಯ ಬೋರ್ಡ್ ತೋರಿಸಿದ. ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಆ ಹೊತ್ತಿನ ಅವಮಾನ ಈಗ ಬರೆಯುವಾಗಲೂ ಕೈ ನಡುಗಿಸುತ್ತೆ. ಬಾಯಲ್ಲಿ ಫ್ರಿಜ್, ಚೀಟಿಯಲ್ಲಿ ಕೂಲರ್ ಬಾಕ್ಸ್. ಮೊದಲೇ ಲೆಕ್ಕ ಹಾಕಿ ಬರೆದದ್ದು ಅದು.

ಆದ್ದರಿಂದ ಕೇಳಿ. ಬಿಸಿ-ತಣ್ಣಗೆ ಸ್ವಿಚ್ ಇದ್ದರೆ ಬಿಟ್ಟು ಎದ್ದು ಬನ್ನಿ. ಎತ್ತಿ ನೋಡಿ: ನನ್ನ 20 ಲೀಟರ್ ಡಬ್ಬಿ ಐದು ಕಿಲೋನೂ ಇರಲಿಲ್ಲ, ಕಂಪ್ರೆಸರ್ ಇರುವುದು ಅದರ ಎರಡು ಪಟ್ಟಾದರೂ ತೂಗುತ್ತೆ. ಡಬ್ಬಿ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ಆರ್ 134ಎ, ಆರ್ 600ಎ ಇಂಥ ಯಾವುದಾದರೂ ಗ್ಯಾಸಿನ ಹೆಸರು ಇರಬೇಕು. 12 ಮತ್ತು 24 ಎರಡೂ ವೋಲ್ಟ್ ಬರೆದಿರಬೇಕು, ಬ್ಯಾಟರಿ ಇಳಿದರೆ ತಾನೇ ಕಟ್ ಆಗಬೇಕು. ನೀರಿನ ಬಾಟಲಿ ಇಟ್ಟು ಐಸ್ ಮಾಡಿ ತೋರಿಸು ಅನ್ನಿ, ಎಸಿ ಅಂಗಡಿಯಲ್ಲಿ ಅಲ್ಲ, ನಿಮ್ಮ ಗಾಡಿಯಲ್ಲಿ. ಕಂಪ್ರೆಸರ್‌ನದು ದುಬಾರಿ, ನನಗೆ ಹೇಳಿದ ರೇಟು ಇದರ ಎರಡು ಪಟ್ಟಿಗೂ ಮೇಲೆ. ಆದರೆ ಇನ್ಸುಲಿನ್ ಇಡೋಕೆ ಫ್ರಿಜ್ಜೇ ಬೇಕು ಅನ್ನುವವರು ಅದನ್ನೇ ನೋಡಬೇಕು. ಅದರಲ್ಲೂ ಸೊನ್ನೆಗೆ ಇಳಿಸಬೇಡಿ, ಹೆಪ್ಪುಗಟ್ಟಿದರೂ ಇನ್ಸುಲಿನ್ ಕೆಡುತ್ತೆ. ವೈರ್ ಮಾತ್ರ ಎರಡೂ ಬ್ಯಾಟರಿ ಸೇರಿದ 24ರಿಂದಲೇ ಎಳೆಸಿ, ಫ್ಯೂಸ್ ಹಾಕಿಸಿ. ಪಕ್ಕಾ ಬಿಲ್ಲಿನಲ್ಲಿ "ಕಂಪ್ರೆಸರ್ ಫ್ರಿಜ್" ಅಂತ ಬರೆಸದೆ ಒಂದು ರೂಪಾಯಿ ಕೊಡಬೇಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. 2019ರ ಗ್ರಾಹಕರ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ತಪ್ಪು, ಕೆಟ್ಟ ಮಾಲು ವಾಪಸ್ ತಗೊಳ್ಳದಿರುವುದೂ ತಪ್ಪು. ಆ ಬೋರ್ಡಿಗೆ ಹೆದರಬೇಕಾಗಿಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀಸೂ ಇಲ್ಲ. ಮುಂದಿನ ಟ್ರಿಪ್ಪಿನಿಂದ ಬಂದ ಕೂಡಲೇ ಅಲ್ಲಿಗೂ ಹೋಗುತ್ತೇನೆ, ಗಂಜ್‌ನ ಆ ಇಬ್ಬರೂ ಬರುತ್ತೇವೆ ಅಂದಿದ್ದಾರೆ. ನೀವೂ ಇಂಥದ್ದೇ ಡಬ್ಬಿ ತಗೊಂಡಿದ್ದರೆ ಆ ಕಚ್ಚಾ ಚೀಟಿ ಎಸೆಯಬೇಡಿ. ಡಬ್ಬಿಯನ್ನೂ ಗುಜರಿಗೆ ಹಾಕಬೇಡಿ. ಎರಡೂ ಬೇಕಾಗುತ್ತವೆ.