ಸೆಕೆಂಡ್ ಹ್ಯಾಂಡ್ ಅಫಿನಿಟಿ ಜಾಝ್ ಬೇಸ್: ನೆಕ್ಕಿಗೆ ದುಡ್ಡು ಕೊಡಿ, ಮಿಕ್ಕಿದ್ದಕ್ಕೆ ಚೌಕಾಸಿ ಮಾಡಿ

ಮುಂಬೈ, ಪುಣೆಯಲ್ಲಿ ಹಳೇ ಬೇಸ್ ಗಿಟಾರ್ ಹುಡುಕಲು ಕೂತರೆ ಪದೇಪದೇ ಎದುರಾಗುವ ಹೆಸರು ಸ್ಕ್ವಾಯರ್ ಅಫಿನಿಟಿ ಜಾಝ್ ಬೇಸ್. ಕಾಲೇಜು ಬ್ಯಾಂಡ್ ಮುಗಿದ ಮೇಲೆ ಬೀರುವಿನ ಮೇಲೆ ಮಲಗಿದ್ದು, ಮನೆ ಬದಲಾಯಿಸುವಾಗ ಕೆಳಗಿಳಿಸಿ ಮಾರಾಟಕ್ಕೆ ಇಟ್ಟದ್ದು, ಹೀಗೆ ಬರುವವೇ ಜಾಸ್ತಿ. ಡೊಂಬಿವಲಿ, ಮುಲುಂಡ್, ಮಾಟುಂಗಾ ಕಡೆಯ ನಮ್ಮ ಭಜನೆ, ಭಾವಗೀತೆ, ಮದುವೆ ಆರ್ಕೆಸ್ಟ್ರಾ ತಂಡಗಳಿಗೆ ಮೊದಲ ಬೇಸ್ ಬೇಕಿದ್ದರೆ ಇದು ಒಳ್ಳೇ ಆಯ್ಕೆ. ಷರತ್ತು ಒಂದೇ: ನೆಕ್ (ಬೆರಳೊತ್ತಿ ನುಡಿಸುವ ಉದ್ದನೆಯ ಮರದ ಕತ್ತು) ಸರಿ ಇರಬೇಕು. ಪಾಟ್ (ನಾಬ್ ಕೆಳಗಿನ ವಿದ್ಯುತ್ ಭಾಗ), ಜ್ಯಾಕ್ (ಕೇಬಲ್ ಸಿಕ್ಕಿಸುವ ತೂತು), ತಂತಿ, ಬ್ರಿಜ್‌ನ (ಬಾಡಿ ಮೇಲೆ ತಂತಿ ಕೂರುವ ಲೋಹದ ಭಾಗ) ತುಕ್ಕು ಎಲ್ಲಕ್ಕೂ ಮದ್ದಿದೆ. ತಿರುಚಿದ ನೆಕ್ಕಿಗೆ ಈ ಬೆಲೆಯಲ್ಲಿ ಮದ್ದಿಲ್ಲ.

ವಾದ್ಯದ ಪರಿಚಯ ಬೇಗ ಮುಗಿಸುತ್ತೇನೆ. ಫೆಂಡರ್ ಕಂಪನಿ 1960ರಲ್ಲಿ ತಂದ ಜಾಝ್ ಬೇಸ್‌ನ ಅಗ್ಗದ ರೂಪ ಇದು. ಸ್ಕ್ವಾಯರ್ ಅನ್ನುವುದು ಫೆಂಡರ್‌ನದೇ ಬ್ರ್ಯಾಂಡ್. ಸ್ಕೇಲ್ (ಮೀಟುವ ತಂತಿಯ ಉದ್ದ) 34 ಇಂಚು, 20 ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಹತ್ತಿರ ನೆಕ್ ಅಗಲ ಸುಮಾರು 38 ಮಿ.ಮೀ. ಹಾಗಾಗಿ ಆರು ತಂತಿಯ ಗಿಟಾರಿನಿಂದ ಬರುವವರ ಕೈಗೂ ಬೇಗ ಒಗ್ಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಎರಡು ಸಿಂಗಲ್ ಕಾಯಿಲ್ ಪಿಕಪ್, ಎರಡು ವಾಲ್ಯೂಮ್, ಒಂದು ಟೋನ್. ಬ್ಯಾಟರಿಯ ರಗಳೆ ಇಲ್ಲ. ಹಳೆಯವುಗಳ ಫಿಂಗರ್‌ಬೋರ್ಡ್ (ನೆಕ್ ಮೇಲೆ ಫ್ರೆಟ್ ಕೂರಿಸಿದ ಹಲಗೆ) ಬೀಟೆ ಮರದ್ದು. 2017ರಲ್ಲಿ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಜೀವಜಾತಿಗಳನ್ನು ಕಾಯುವ ಸೈಟಿಸ್ ಒಪ್ಪಂದದಡಿ ಕಡಿವಾಣ ಬಿದ್ದ ಮೇಲೆ ಇಂಡಿಯನ್ ಲಾರೆಲ್, ಅಂದರೆ ನಮ್ಮ ಘಟ್ಟದ ಕರಿಮತ್ತಿ, ಬಳಕೆಗೆ ಬಂತು. ಬಣ್ಣ ಸ್ವಲ್ಪ ತೆಳು, ಎಳೆ ಸ್ವಲ್ಪ ಒರಟು. ನುಡಿಸಲು ವ್ಯತ್ಯಾಸ ಏನಿಲ್ಲ, ಅದಕ್ಕಾಗಿ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. 2021ರ ನಂತರದವುಗಳ ಬಾಡಿ ಪಾಪ್ಲರ್ ಮರ, ತೆಳ್ಳಗೆ, ಹಗುರ. ಮೂರು ಗಂಟೆ ನಿಂತು ನುಡಿಸುವವರ ಭುಜಕ್ಕೆ ಅದೇ ವಾಸಿ.

ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದರ, ಅತಿ ತಗ್ಗಿನ ಸ್ವರ ಇ, 41.2 ಹರ್ಟ್ಸ್. ಫೋನಿನ ಸ್ಪೀಕರ್‌ಗೆ ಆ ಮೂಲಸ್ವರವನ್ನು ಹೊರಡಿಸುವ ತಾಕತ್ತೇ ಇಲ್ಲ. ಆದ್ದರಿಂದ ಮಾರುವವರು ವಾಟ್ಸಾಪ್‌ನಲ್ಲಿ ಕಳಿಸುವ ವಿಡಿಯೋ ನೋಡಿ ನಾದದ ಬಗ್ಗೆ ಏನೂ ತೀರ್ಮಾನಿಸಬೇಡಿ. ವಿಡಿಯೋ ಬದಲು ನಾಲ್ಕು ಫೋಟೋ ಕೇಳಿ: ಹೆಡ್‌ಸ್ಟಾಕ್‌ನ (ಶ್ರುತಿ ಕೀಲಿಗಳಿರುವ ನೆಕ್ಕಿನ ತಲೆ) ಸೀರಿಯಲ್ ನಂಬರ್, ಬಾಡಿಯ ಕಡೆಯಿಂದ ನೆಕ್ ಉದ್ದಕ್ಕೂ ಹಿಡಿದ ಚಿತ್ರ, ಹಿಂದಿನ ನಾಲ್ಕು ಸ್ಕ್ರೂ ಇರುವ ಪ್ಲೇಟ್, ಬ್ರಿಜ್ ಹತ್ತಿರದಿಂದ. ಸೀರಿಯಲ್ ಸಾಮಾನ್ಯವಾಗಿ ಐ ಅಕ್ಷರದಿಂದ ಶುರುವಾದರೆ ಇಂಡೋನೇಷ್ಯಾ, ಸಿ ಆದರೆ ಚೀನಾ. ಐಸಿಎಸ್ ಆದಮೇಲೆ ಬರುವ ಎರಡು ಅಂಕಿ ತಯಾರಾದ ವರ್ಷ. ಹೆಡ್‌ಸ್ಟಾಕ್ ಮೇಲೆ ಫೆಂಡರ್ ಸ್ಟಿಕ್ಕರ್ ಇದ್ದು ಸೀರಿಯಲ್ ಸ್ಕ್ವಾಯರ್‌ನದಾಗಿದ್ದರೆ, ಅಥವಾ ಸೀರಿಯಲ್ ಜಾಗವನ್ನೇ ಉಜ್ಜಿದ್ದರೆ, ಮಾತುಕತೆ ಅಲ್ಲಿಗೇ ನಿಲ್ಲಿಸಿ.

ನೋಡಲು ಹೋಗುವಾಗ ಜೋಬಿನಲ್ಲಿ ಇರಬೇಕಾದ್ದು: ಟ್ಯೂನರ್, ಒಂದು ಕೇಬಲ್, ಚಿಕ್ಕ ಮಲ್ಟಿಮೀಟರ್, ಅಲನ್ ಕೀ ಸೆಟ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು). ಗೇಜ್ ಬೈಕ್ ಸ್ಪೇರ್ ಪಾರ್ಟ್ ಅಂಗಡಿಯಲ್ಲೇ ಸಿಗುತ್ತದೆ.

ಮೊದಲು ಶ್ರುತಿ ಮಾಡಿ. ಶ್ರುತಿ ಇಳಿಸಿಟ್ಟ ಬೇಸ್‌ನ ನೆಕ್ ನೋಡಿ ಉಪಯೋಗವಿಲ್ಲ, ತಂತಿಯ ಎಳೆತ ಬಿದ್ದಾಗಲೇ ಅದರ ನಿಜ ಗೊತ್ತಾಗುವುದು. ಆಮೇಲೆ ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಎಡಗೈಯಿಂದ, ನೆಕ್ ಬಾಡಿಗೆ ಸೇರುವ ಕಡೆ ಬಲಗೈಯಿಂದ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ಅಳೆಯಿರಿ. 0.3 ಮಿ.ಮೀ. ಆಸುಪಾಸು ಇದ್ದರೆ ಸರಿ. ಒಂದು ಮಿ.ಮೀ. ಹತ್ತಿರ ಬಂದಿದ್ದರೂ ಗಾಬರಿ ಬೇಡ, ಟ್ರಸ್ ರಾಡ್ (ನೆಕ್ ಒಳಗೆ ಅದರ ಬಾಗು ಹೊಂದಿಸುವ ಉಕ್ಕಿನ ಸರಳು) ಬಿಗಿ ಮಾಡಿದರೆ ಇಳಿಯಬೇಕು. ಆ ‘ಬೇಕು’ ಅನ್ನುವುದೇ ಇಲ್ಲಿ ಪರೀಕ್ಷೆ. ಮಾರುವವರ ಒಪ್ಪಿಗೆ ತಗೊಂಡು ಸರಿಯಾಗಿ ಕೂರುವ ಕೀ ಹಾಕಿ, ಮೊದಲು ಎಂಟನೇ ಒಂದು ಸುತ್ತು ಸಡಿಲ ಮಾಡಿ, ಆಮೇಲೆ ಪ್ರದಕ್ಷಿಣೆಯಾಗಿ ಕಾಲು ಸುತ್ತು ಬಿಗಿ ಮಾಡಿ. ಸಂದು ಕಡಿಮೆಯಾದರೆ ರಾಡ್‌ಗೆ ಜೀವ ಇದೆ. ಮೊದಲೇ ಕೊನೆಯವರೆಗೆ ಬಿಗಿದಿದ್ದು ಇನ್ನು ತಿರುಗದೇ ಇದ್ದರೆ, ಅಥವಾ ಕೀ ಗರಗರ ಸುತ್ತುತ್ತಾ ಏನೂ ಆಗದಿದ್ದರೆ, ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ಇಂಚಿನ ಕೀಯನ್ನು ಮಿ.ಮೀ. ಸಾಕೆಟ್‌ಗೆ ತುರುಕಿ ಮೂಲೆ ಸವೆಸಿದ ರಾಡ್‌ಗಳು ಈ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಟಾರ್ಚ್ ಹಾಕಿ ಸಾಕೆಟ್ ಒಳಗೆ ನೋಡಲು ಮರೆಯಬೇಡಿ.

ನೆಕ್ ತಿರುಚಿದೆಯೋ ಎಂದು ತಿಳಿಯಲು ಇ ತಂತಿಯ ಕೆಳಗೆ ಅಳೆದದ್ದನ್ನೇ ಅತಿ ತೆಳುವಾದ ಜಿ ತಂತಿಯ ಕೆಳಗೂ ಅಳೆಯಿರಿ. ಎರಡರ ನಡುವೆ ಚೂರುಪಾರು ವ್ಯತ್ಯಾಸ ಸಹಜ. ಒಂದು ಕಡೆ ಬಿಲ್ಲು, ಇನ್ನೊಂದು ಕಡೆ ಉಬ್ಬು ಇದ್ದರೆ ಅದು ತಿರುಚಿದ ನೆಕ್. ‘ಸೆಟಪ್ ಮಾಡಿಸಿದರೆ ಸರಿಹೋಗುತ್ತೆ’ ಅನ್ನುತ್ತಾರೆ. ಹೋಗುವುದಿಲ್ಲ.

ಎದ್ದು ನಿಂತ ಫ್ರೆಟ್ ಹುಡುಕಲು ಹಳೇ ಎಟಿಎಂ ಕಾರ್ಡ್ ಸಾಕು. ಮೂರು ಫ್ರೆಟ್ ಮೇಲೆ ಒಟ್ಟಿಗೆ ಕೂರುವಂತೆ ಕಾರ್ಡಿನ ಅಂಚನ್ನು ಇಟ್ಟು ಅಲ್ಲಾಡಿಸಿ. ಟಕ್‌ಟಕ್ ಅಂದರೆ ನಡುವಿನದು ಎತ್ತರ. 34 ಇಂಚಿನ ಸ್ಕೇಲ್‌ನಲ್ಲಿ 3ರಿಂದ 9ನೇ ಫ್ರೆಟ್ ತನಕ ಶುರುಮಾಡುವಾಗ ಉದ್ದ ಅಂಚು, 12ರಿಂದ ಮೇಲಕ್ಕೆ ಗಿಡ್ಡ ಅಂಚು ಹೊಂದುತ್ತದೆ. ಉಳಿದ ಕಡೆ ಸ್ಟೀಲ್ ಸ್ಕೇಲಿನ ತುಂಡು ಬೇಕು. ಒಂದೋ ಎರಡೋ ಫ್ರೆಟ್ ಎದ್ದಿದ್ದರೆ ಬಡಿದು ಕೂರಿಸಬಹುದು, ಬೆಲೆ ಇಳಿಸಿ ಕೊಳ್ಳಿ. ಐದಾರು ಎದ್ದಿದ್ದರೆ ಪೂರ್ತಿ ಲೆವೆಲ್ ಮಾಡಿಸಬೇಕಾಗುತ್ತದೆ, ಆ ಖರ್ಚು ಈ ದರ್ಜೆಯ ವಾದ್ಯಕ್ಕೆ ಭಾರ.

ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ತನಕ ಒಂದೊಂದೇ ಸ್ವರ ಮೀಟಿ ಕೇಳಿ. ಒಂದು ಕಡೆ ಸ್ವರ ದಪ್ಪನೆ ಬಿದ್ದು ಸತ್ತುಹೋಗುವುದು ಬೋಲ್ಟ್ ಹಾಕಿದ ನೆಕ್ಕಿನ ಬೇಸ್‌ಗಳಲ್ಲಿ ಮಾಮೂಲಿ. ದುಬಾರಿ ಫೆಂಡರ್‌ಗಳಲ್ಲೂ ಇದೆ, ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿಯನ್ನು ನುಂಗುವುದರಿಂದ ಆಗುತ್ತದೆ. ಹೆಡ್‌ಸ್ಟಾಕ್‌ಗೆ ತೂಕ ಸೇರಿಸಿದರೆ ಆ ಜಾಗ ಆಚೀಚೆ ಸರಿಯುತ್ತದೆ, ಮಾಯವಾಗುವುದಿಲ್ಲ. ಭಾವಗೀತೆಗೆ ಉದ್ದ ಸ್ವರ ಹಿಡಿಯುವವರಿಗೆ ಇದು ತೊಂದರೆ, ತಾಳಕ್ಕೆ ಕುಕ್ಕುವವರಿಗೆ ಗಮನಕ್ಕೂ ಬಾರದು.

ಇನ್ನು ವಿದ್ಯುತ್ತಿನ ಭಾಗ. ಆಂಪ್ (ಆಂಪ್ಲಿಫೈಯರ್) ಇಲ್ಲದ ಮನೆಯಲ್ಲೂ ಪಿಕಪ್ ಪರೀಕ್ಷಿಸಬಹುದು. ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್‌ನ ಮೊನೆಗೂ ಅದರ ಹಿಂದಿನ ಉದ್ದ ಲೋಹದ ಭಾಗಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ ಮಾಡಿದರೆ ಒಂದೇ ಪಿಕಪ್‌ನ ರೆಸಿಸ್ಟೆನ್ಸ್ ಬರುತ್ತದೆ: 6ರಿಂದ 8 ಕಿಲೋ ಓಮ್. ಎರಡೂ ಪೂರ್ತಿ ತೆರೆದರೆ ಅದರ ಅರ್ಧದಷ್ಟು. ನೂರು ಕಿಲೋ ಓಮ್ ದಾಟಿ ತೋರಿಸಿದರೆ ಕಾಯಿಲ್ ಕಡಿದಿದೆ, ಮೀಟರ್ ಬರೀ ಪಾಟ್‌ಗಳನ್ನು ಅಳೆಯುತ್ತಿದೆ ಎಂದರ್ಥ. ಅಂಕಿ ಕುಣಿಯುತ್ತಿದ್ದರೆ ಜ್ಯಾಕ್ ಅಥವಾ ಬೆಸುಗೆ ಸಡಿಲ.

ಆಂಪ್‌ಗೆ ಹಾಕಿದಾಗ ಒಂದು ಪಿಕಪ್ ಮಾತ್ರ ತೆರೆದರೆ ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆ, ಎರಡೂ ಸಮ ತೆರೆದರೆ ಇಳಿಯುತ್ತದೆ. ಇದು ಜಾಝ್ ಬೇಸ್‌ನ ಹುಟ್ಟುಗುಣ, ದೋಷವಲ್ಲ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಬ್ರಿಜ್ ಕೆಳಗಿನ ಅರ್ಥ್ ವೈರ್ ಸರಿ ಇದೆ. ಮುಟ್ಟಿದರೂ ಬಿಟ್ಟರೂ ಒಂದೇ ಥರ ಗುಂಯ್‌ಗುಟ್ಟುತ್ತಿದ್ದರೆ ಆ ವೈರ್ ಕಿತ್ತಿದೆ. ಹತ್ತು ನಿಮಿಷದ ಕೆಲಸ, ಆದರೆ ಅದನ್ನೇ ದೊಡ್ಡದು ಮಾಡಿ ಚೌಕಾಸಿ ಮಾಡಬಹುದು. ಮುಂಬೈಯ ಹಳೇ ಚಾಳ್, ಹಳೇ ಹಾಲ್‌ಗಳಲ್ಲಿ ಪ್ಲಗ್ ಪಾಯಿಂಟ್‌ಗೇ ಅರ್ಥ್ ಇರುವುದಿಲ್ಲ. ಅಲ್ಲಿ ಹಮ್ ಬಂದರೆ ಬೇಸ್‌ಗೆ ಬೈಯಬೇಡಿ. ಹಮ್ ಹೋಗಲೆಂದು ಆಂಪ್‌ನ ಅರ್ಥ್ ಪಿನ್ ಕತ್ತರಿಸುವ ಕೆಲವು ಮೈಕ್‌ಸೆಟ್ಟಿನವರಿಂದ ಮಾತ್ರ ದೂರ ಇರಿ. ತಂತಿ ನಿಮ್ಮ ಕೈಯಲ್ಲಿ, ಮೈಕ್ ನಿಮ್ಮ ತುಟಿಯಲ್ಲಿ ಇರುತ್ತದೆ.

ತಂದ ಮೇಲೆ ಏನು ಮಾಡಬೇಕು? ಮೊದಲ ಖರ್ಚು ತಂತಿ. ಹಳೇ ತಂತಿಯನ್ನು ನೀರಲ್ಲಿ ಕುದಿಸಿದರೆ ನಾಲ್ಕಾರು ದಿನ ಹೊಸದರಂತೆ ಮಿಂಚುತ್ತದೆ, ಮಾರುವ ಕೆಲವರಿಗೆ ಈ ಉಪಾಯ ಚೆನ್ನಾಗಿ ಗೊತ್ತು. 45–65–80–100 ಅಥವಾ 45–65–85–105 ಗೇಜ್‌ನ (ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ) ನಿಕಲ್ ತಂತಿ ಹಾಕಿ. ಇ ತಂತಿಯನ್ನು ಡಿಗೆ ಇಳಿಸಿ ನುಡಿಸುವವರಿಗೆ 105ರ ಸೆಟ್ಟೇ ಬೇಕು, 100 ಆದರೆ ಜೋತುಬಿದ್ದು ಫ್ರೆಟ್‌ಗೆ ಬಡಿಯುತ್ತದೆ. ತಂತಿ ಬಿಚ್ಚಿದಾಗಲೇ ಪಿಕಪ್‌ಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್‌ನಿಂದ ಫ್ರೆಟ್ ಉಜ್ಜಿ. ಟೇಪ್ ಹಾಕದಿದ್ದರೆ ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಅಂಟಿಕೊಂಡು ಕೂರುತ್ತದೆ, ಆಮೇಲೆ ತೆಗೆಯುವುದು ದೊಡ್ಡ ಪಡಿಪಾಟಲು.

ಆಮೇಲೆ ಫ್ರೆಟ್ ಮೇಲೆ ತಂತಿಯ ಎತ್ತರ. 17ನೇ ಫ್ರೆಟ್ ಮೇಲೆ ಇ ತಂತಿ 2.4 ಮಿ.ಮೀ., ಜಿ ತಂತಿ 2 ಮಿ.ಮೀ. ಇಂದ ಶುರುಮಾಡಿ. ಪಿಕಪ್ ಎತ್ತರವನ್ನು ಕೊನೆಯ ಫ್ರೆಟ್ ಒತ್ತಿ ಹಿಡಿದು ನೋಡಿ: ಇ ಕಡೆ 3.2, ಜಿ ಕಡೆ 2.4 ಮಿ.ಮೀ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ಸೋಕಿ ಮೀಟಿದಾಗಿನ ಸ್ವರ) ಏರಿದ್ದರೆ ಸ್ಯಾಡಲ್ (ಬ್ರಿಜ್ ಮೇಲೆ ಪ್ರತಿ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕ್ರಮ ತಪ್ಪಿಸಬೇಡಿ. ನೆಕ್ ಮೊದಲು, ಎತ್ತರ ಆಮೇಲೆ, ಇಂಟೊನೇಷನ್ (ಈ ಸ್ಯಾಡಲ್ ಹೊಂದಾಣಿಕೆ) ಕೊನೆಗೆ. ಹಿಂದುಮುಂದಾದರೆ ಮಾಡಿದ್ದನ್ನೇ ಮತ್ತೆ ಮಾಡುತ್ತಾ ಕೂರಬೇಕು.

ಸಮುದ್ರದ ಗಾಳಿ ತಿಂದ ಬೇಸ್‌ನಲ್ಲಿ ಇಲ್ಲೇ ಗಂಟು ಬೀಳುವುದು. ವರ್ಸೋವಾ, ಮಲಾಡ್, ಗೋವಾದ ವಾಸ್ಕೊ ಕಡೆಯಿಂದ ಬಂದವುಗಳಲ್ಲಿ ಸ್ಯಾಡಲ್‌ನ ಪುಟ್ಟ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಒತ್ತಾಯದಿಂದ ತಿರುಗಿಸಿದರೆ ಅದರ ಷಡ್ಭುಜ ಸವೆದು ಗುಂಡಗಾಗುತ್ತದೆ. ತಂತಿ ಸಡಿಲ ಮಾಡಿ, ಹತ್ತಿ ಕಡ್ಡಿಯಲ್ಲಿ ಒಂದು ಹನಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿ ಬಿಟ್ಟು, ಬೆಳಿಗ್ಗೆ ಹೊಸ ಅಲನ್ ಕೀಯಿಂದ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದೆಳೆ ತಿರುಗಿಸಿ, ನಂತರ ಬಿಚ್ಚಿ. ಎಣ್ಣೆ ಮರಕ್ಕೆ ಇಳಿಯದಂತೆ ಕೆಳಗೆ ಬಟ್ಟೆ ಇರಲಿ. ಪುಣೆಯದ್ದರ ತಾಪತ್ರಯ ಬೇರೆ. ಏಪ್ರಿಲ್–ಮೇ ಒಣ ಹವೆಗೆ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಹೊರಗೆ ಇಣುಕಿ ಅಂಗೈ ಗೀರುತ್ತವೆ. ಆ ತುದಿಗಳನ್ನು ಒಣ ಕಾಲದಲ್ಲೇ ಸಣ್ಣ ಫೈಲ್‌ನಿಂದ ಉಜ್ಜಿಸಿ. ಮಳೆಗಾಲದಲ್ಲಿ ಮರ ಉಬ್ಬಿದಾಗ ಉಜ್ಜಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಹೊರಬರುತ್ತವೆ.

ಪಾಟ್ ಗರಗರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಳಗೆ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಅಷ್ಟಕ್ಕೂ ಹೋಗದಿದ್ದರೆ ಬದಲಿಸಿ. ಬಿಡಿಭಾಗ ಸಿಗುವುದು ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ. ಕೇಳಬೇಕಾದ್ದು 250 ಕೆ ಲಾಗ್ ಪಾಟ್, ಟೋನ್‌ಗೆ 473 ಎಂದು ಬರೆದ ಕೆಪಾಸಿಟರ್, ಅಂದರೆ 0.047 ಮೈಕ್ರೋಫ್ಯಾರಡ್. ಲೀನಿಯರ್ ಪಾಟ್ ಕೊಟ್ಟರೆ ಟೋನ್‌ನ ಬದಲಾವಣೆಯೆಲ್ಲ ನಾಬ್‌ನ ಒಂದು ಕೊನೆಯಲ್ಲೇ ಗುಂಪಾಗುತ್ತದೆ. ಹೆಸರುವಾಸಿ ದೊಡ್ಡ ಅಮೆರಿಕನ್ ಪಾಟ್ ತರುವವರು ಗಮನಿಸಿ: ಅದರ ಕುತ್ತಿಗೆಗೆ 9.5 ಮಿ.ಮೀ. ತೂತು ಬೇಕು, ಅಗ್ಗದ ವಾದ್ಯಗಳ ಪ್ಲೇಟ್‌ನಲ್ಲಿರುವ ತೂತು ಅದಕ್ಕಿಂತ ಚಿಕ್ಕದು. ಕೊರೆಸಬೇಕು, ಹಳೇ ನಾಬ್ ಕೂಡ ಕೂರದೇ ಹೋಗಬಹುದು. ಈ ಬೇಸ್‌ಗೆ ಅದರ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಜ್ಯಾಕ್ ಮಾತ್ರ ಒಳ್ಳೆಯದು ಹಾಕಿ. ವೇದಿಕೆ ಮೇಲೆ ಕೈಕೊಡುವುದು ಅದೇ. ಬೆಲ್ಟಿನ ಗುಂಡಿಯ ಸ್ಕ್ರೂ ಸಡಿಲವಾಗಿದ್ದರೆ ತೂತಿಗೆ ಫೆವಿಕಾಲ್ ಸವರಿದ ಎರಡು ಮೂರು ಹಲ್ಲುಕಡ್ಡಿ ತುಂಬಿ, ಒಣಗಿದ ಮೇಲೆ ಕತ್ತರಿಸಿ, ಸ್ಕ್ರೂ ಹಾಕಿ.

ಬೆಲೆ? ಅದೇ ಮಾದರಿಯ ಹೊಸದರ ಇವತ್ತಿನ ಅಂಗಡಿ ಬೆಲೆ ನೋಡಿಕೊಳ್ಳಿ. ನೆಕ್ ಪಾಸಾಗಿ, ಫ್ರೆಟ್‌ನಲ್ಲಿ ಆಳದ ಗುಳಿ ಇಲ್ಲದಿದ್ದರೆ ಅದರ ಅರವತ್ತು ಪರ್ಸೆಂಟ್ ತನಕ ಕೊಡಬಹುದು. ತುಕ್ಕು, ಗರಗರ, ಹಮ್ ಸೇರಿದರೆ ಅರ್ಧಕ್ಕೆ ಇಳಿಸಿ, ಒಂದು ಸೆಟ್ ತಂತಿಯ ದುಡ್ಡನ್ನೂ ಕಳೆಯಿರಿ. ಬ್ಯಾಗ್, ಬೆಲ್ಟ್, ಚಿಕ್ಕ ಆಂಪ್ ಜೊತೆಗೆ ಕೊಡುತ್ತೇನೆ ಅನ್ನುವವರ ಲೆಕ್ಕಕ್ಕೆ ಮರುಳಾಗಬೇಡಿ. ಹತ್ತು ವ್ಯಾಟಿನ ಆಂಪ್ ಬೇಸ್‌ಗೆ ಮನೆಯಲ್ಲಿ ಅಭ್ಯಾಸಕ್ಕಷ್ಟೇ, ಡ್ರಮ್ ಪಕ್ಕ ಅದು ಕೇಳಿಸುವುದೇ ಇಲ್ಲ.

ಮುಂದೆ ನೀವೇ ಮಾರುವಾಗ, ಬದಲಿಸಿದ ಬಿಡಿಭಾಗಕ್ಕೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ದುಬಾರಿ ಪಿಕಪ್ ಹಾಕಿದ್ದರೆ ಬಿಚ್ಚಿ ಬೇರೆಯಾಗಿ ಮಾರಿ, ಮೂಲದ್ದನ್ನು ವಾಪಸ್ ಬೆಸೆಯಿರಿ. ಹಾಗಾಗಿ ತೆಗೆದ ಪಾಟ್, ಪಿಕಪ್, ಸ್ಕ್ರೂ ಎಲ್ಲ ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿರಿ. ಜಾಹೀರಾತಿನಲ್ಲಿ 8ನೇ ಫ್ರೆಟ್‌ನ ಅಳತೆ ಮತ್ತು ಎರಡೂ ಪಿಕಪ್‌ನ ಓಮ್ ಬರೆದರೆ ‘ಲಾಸ್ಟ್ ಪ್ರೈಸ್ ಎಷ್ಟು’ ಎಂದು ಮಾತ್ರ ಕೇಳುವವರು ಕಡಿಮೆಯಾಗಿ, ಗೊತ್ತಿರುವವರು ಬರುತ್ತಾರೆ. ಕೊರಿಯರ್ ಮಾಡುವುದಾದರೆ ತಂತಿಯನ್ನು ಒಂದು ಸ್ವರದಷ್ಟು ಇಳಿಸಿ, ಹೆಡ್‌ಸ್ಟಾಕ್ ಹಿಂದೆಯೂ ಮುಂದೆಯೂ ಒತ್ತಾಗಿ ಬಟ್ಟೆ ತುಂಬಿ. ಪೆಟ್ಟಿಗೆ ಬಿದ್ದಾಗ ಮುರಿಯುವುದು ಅಲ್ಲೇ. ಸಾಧ್ಯವಾದರೆ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಬೇರೆ, ಬಾಡಿ ಬೇರೆ ಕಟ್ಟಿ. ಸ್ಕ್ರೂಗಳನ್ನು ಚಿಕ್ಕ ಪೊಟ್ಟಣ ಮಾಡಿ ಪ್ಲೇಟ್‌ಗೆ ಅಂಟಿಸಿ.